ನಾಲ್ಕು ಬೆರಳು ಹೊರಗೆ

ಉಂಗುರ ಬಿಸಿಲಿಗೆ ಮಿನುಗುತ್ತಿದೆ, ಮಿನುಗಬಾರದು, ಅದು ಕೋವಿಯ ನಳಿಗೆಯ ಬಾಯಿಗೆ ತಾಗಿಕೊಂಡು ಕೂತಿರಬೇಕಿತ್ತು, ಅಳತೆಕೋಲು ಒಳಗೆ ಹೋಗಿ ತಳ ಮುಟ್ಟಿದರೆ ಕೋಲಿಗೆ ತೊಡಿಸಿದ ಹಿತ್ತಾಳೆ ಉಂಗುರ ಬಾಯಿಯ ಅಂಚಿಗೆ ಸರಿಯಾಗಿ ಬಂದು ನಿಲ್ಲುತ್ತದೆ, ಹಾಗೆ ನಿಲ್ಲಲೆಂದೇ ಮಾರ್ಚ್ ತಿಂಗಳಲ್ಲಿ ನಾನೇ ಅಳೆದು ತೊಡಿಸಿದ್ದು, ಈಗ ನೋಡಿದರೆ ಉಂಗುರಕ್ಕೂ ಬಾಯಿಗೂ ನಡುವೆ ಒಂದು, ಎರಡು, ಮೂರು, ನಾಲ್ಕು ಬೆರಳು, ತೆಗೆದು ಮತ್ತೆ ತೂರಿಸಿದೆ, ಮತ್ತೆ ನಾಲ್ಕೇ, ಠಣ್ ಎನ್ನುವ ಬದಲು ಧಪ್ ಎನ್ನುತ್ತದೆ, ಕೋವಿ ಒಳಗಿನಿಂದ ಗಿಡ್ಡವಾಗಿದೆ, ಆರಡಿಯ ಗೋಡೆಕೋವಿ, ಇಬ್ಬರು ಹೊತ್ತರೂ ಸೊಂಟ ಹಿಡಿಯುವಂಥದ್ದು, ಮುನ್ನೂರು ವರ್ಷದ ಹಿಂದಿನ ಕೋಟೆಯವರು ಗೋಡೆಯ ಮೇಲೆ ಕೊಕ್ಕೆ ಸಿಕ್ಕಿಸಿ ಹಾರಿಸುತ್ತಿದ್ದದ್ದರ ಪಡಿಯಚ್ಚು, ಒಂದಲ್ಲ ಎರಡು, ಜೋಡಿ, ಒಂದರಲ್ಲಿ ಉಂಗುರ ಸರಿಯಾಗಿ ಕೂತಿತು, ಎಣ್ಣೆ ಹಚ್ಚಿ ಪೆಟ್ಟಿಗೆಗೆ ಇಟ್ಟಾಯಿತು, ಇದರಲ್ಲಿ ಮಾತ್ರ ಹೀಗೆ, ತಾನಾಗಿ ಆಗುವುದಿಲ್ಲ, ಯಾರೋ ಮಾಡಬೇಕು, ಯಾರೋ ಏನು ಬಂತು, ಈ ಕಮ್ಮಾರಸಾಲೆಯಲ್ಲಿ ಇರುವುದು ಇಬ್ಬರೇ, ಕೋವಿಯ ಕುದುರೆ, ಕಿಡಿ ಹೊಡೆಯುವ ಯಂತ್ರ, ಕಟ್ಟುವವಳು ನಾನು, ನಳಿಗೆ ಕೊರೆಯುವವನು ನನ್ನ ಮೈದುನ ಸೆರ್ವೆ. ನಾನಂತೂ ಮಾಡಿಲ್ಲ.

ಮಂಗಳವಾರ, ಮಂಗಳವಾರವೇ ಇರಬೇಕು, ನಾನು ಹಲ್ಲಿನ ಡಾಕ್ಟರ ಹತ್ತಿರ ವೆರ್ವಿಯೆ ಪಟ್ಟಣಕ್ಕೆ ಹೋದ ದಿನ, ಎರಡು ಸಲ ಕೇಳಿದ್ದ, ಅತ್ತಿಗೆ ವಾಪಸ್ ಬರೋದು ಎಷ್ಟೊತ್ತಿಗೆ, ಯಾಕಪ್ಪಾ, ಏನಿಲ್ಲ ಸುಮ್ನೆ ಕೇಳ್ದೆ, ಸುಮ್ಮನೆ ಕೇಳುವವನಲ್ಲ ಅವನು, ಮೂವತ್ತು ವರ್ಷದಲ್ಲಿ ನಾನು ಊಟ ಮಾಡಿದೆನೋ ಇಲ್ಲವೋ ಎಂದು ಕೇಳಿದವನಲ್ಲ, ಅರ್ಧ ಬಾಯಿ ಮರಗಟ್ಟಿಸಿಕೊಂಡು ಬಂದು ಬಾಗಿಲು ತಳ್ಳಿದರೆ ನೆಲ ಗುಡಿಸಿತ್ತು, ಸೆರ್ವೆ ಗುಡಿಸಿದ್ದ, ಆ ವರ್ಷ ನದಿ ಒಳನುಗ್ಗಿ ಮೊಣಕಾಲುದ್ದ ಕೆಸರು ಬಿಟ್ಟುಹೋದಾಗಲೂ ಪೊರಕೆ ಮುಟ್ಟದೆ ಸಿಗರೇಟು ಸೇದುತ್ತಾ ನಿಂತಿದ್ದವನು, ಚೂರು ಹೆಕ್ಕುವ ಅಯಸ್ಕಾಂತ ಮೇಜಿನ ಮೇಲೆ, ಅವನ ಬೆಂಚಿಗೆ ಎರಡು ದೀಪ, ಒಂದು ನನ್ನದು, ಕೇಳದೆ ಎತ್ತಿಕೊಂಡದ್ದು, ಹಾಡಹಗಲು ಎರಡು ದೀಪ ಹಚ್ಚಿಕೊಂಡು ಮಾಡುವ ಕೆಲಸ ಯಾವುದು, ಗುಡಿಸಿದ್ದು ಯಾಕೆ, ಕೊರೆದ ಪುಡಿ ನನ್ನ ಕಣ್ಣಿಗೆ ಬೀಳಬಾರದೆಂದು, ಇನ್ಯಾಕೆ, ಆಮೇಲೆ ಫೋನು, ಹಿಂದಿನ ಅಂಗಳದಲ್ಲಿ ಗೋಡೆಗೆ ಮುಖ ಮಾಡಿ, ಅತ್ತಿಗೆಗೆ ಗೊತ್ತಾಗೋದು ಬೇಡ, ಗೊತ್ತಾದ್ರೆ ನನ್ನನ್ನ ಈ ಕೆಲ್ಸ ಮುಟ್ಟೋಕೆ ಬಿಡಲ್ಲ ಅವ್ರು — ಕಿಟಕಿ ತೆರೆದಿತ್ತು ಕಣಪ್ಪಾ, ನನ್ನ ಹಲ್ಲು ಕಿತ್ತಿದ್ದರು, ಕಿವಿ ಕಿತ್ತಿರಲಿಲ್ಲ. ಯಾವುದು ಗೊತ್ತಾಗಬಾರದು ಎಂದು ಆವತ್ತಿನಿಂದ ತಲೆ ಕೆಡಿಸಿಕೊಂಡಿದ್ದೆ, ಈಗ ಗೊತ್ತಾಯಿತು, ನಳಿಗೆಯ ಹಿಂಬದಿ ಮುಚ್ಚುವ ಬಿರಡೆಯ ತಿರುಪು ಕೆಡಿಸಿದ್ದಾನೆ, ಸಡಿಲವಾಗಿದೆ, ನನಗೆ ಹೇಳಲು ಮುಖವಿಲ್ಲ, ಇನ್ನೂ ಒಳಕ್ಕೆ ಹೊಸ ತಿರುಪು ಕೊರೆದು ನಾಲ್ಕು ಬೆರಳು ಉದ್ದದ ಬಿರಡೆ ಹಾಕಿ ಮುಚ್ಚಿಟ್ಟಿದ್ದಾನೆ. ಧಪ್ ಎನ್ನುವುದೂ ಅದಕ್ಕೇ.

ಮೊದಲ ಸಲವೇನಲ್ಲ, ಮಗಳು ಪೆರೀನ್ ಆಗ ಶಾಲೆಗೆ ಹೋಗುತ್ತಿದ್ದಳು, ಒಂದು ಬೇಟೆಕೋವಿಯ ನಳಿಗೆಯಲ್ಲಿ ಕೂದಲಿನಷ್ಟು ಬಿರುಕು, ಅದಕ್ಕೆ ಬೆಳ್ಳಿ ಬೆಸುಗೆ ತುಂಬಿ, ಉಜ್ಜಿ, ಮದುಮಗಳ ಹಾಗೆ ಮಿರಮಿರ ಮಾಡಿ ಕಳಿಸಿಕೊಟ್ಟಿದ್ದ ಇದೇ ಸೆರ್ವೆ, ಪಟ್ಟಣದ ಪರೀಕ್ಷಾಮನೆಯಲ್ಲಿ ಎರಡರಷ್ಟು ಮದ್ದು ತುಂಬಿ ಹಾರಿಸುತ್ತಾರೆ, ತಾಳಿದರೆ ಮುದ್ರೆ ಹೊಡೆಯುತ್ತಾರೆ, ಅದು ತಾಳಲಿಲ್ಲ, ಸಿಪ್ಪೆ ಬಿಚ್ಚಿದಂತೆ ಬಿಚ್ಚಿಕೊಂಡಿತು, ನನ್ನ ಗಂಡ ರೆಮಾಕ್ಲ್ ಟೋಪಿ ಕೈಯಲ್ಲಿ ಹಿಡಿದು ಹೋಗಿ ತಪ್ಪು ನಂದು ಸ್ವಾಮೀ ಎಂದು ಬಂದ, ಮನೆಯಲ್ಲಿ ನಾನು ಕೂಗಾಡಿದೆ, ಅವನು ನನ್ನ ತಮ್ಮ ಕಣೇ, ತಮ್ಮನಾದರೆ ಬಿರುಕು ಮುಚ್ಚಬಹುದಾ, ಸುಮ್ನಿರು ಓದೀಲ್ ಗೋಡೆಗೂ ಕಿವಿ ಇದೆ, ರೆಮಾಕ್ಲ್ ತೀರಿಹೋಗಿ ಒಂಬತ್ತು ವರ್ಷವಾಯಿತು, ತಮ್ಮನನ್ನು ನನ್ನ ಕುತ್ತಿಗೆಗೆ ಕಟ್ಟಿ ಹೋದ, ಸೆರ್ವೆ ಪ್ರತಿ ಶನಿವಾರ ಹನ್ನೊಂದಕ್ಕೆ ಟೋಪಿ ಹಾಕಿಕೊಂಡು ಬೇಕರಿಯಿಂದ ಸಿಹಿ ಅಕ್ಕಿ ಟಾರ್ಟ್ ತರಲು ಹೋಗುತ್ತಾನೆ, ಈಗಲೂ ಅಲ್ಲಿಗೇ ಹೋಗಿದ್ದಾನೆ, ನನ್ನ ಪಾಲನ್ನು ಯಾವಾಗಲೂ ತುಸು ದೊಡ್ಡದಾಗಿ ಕತ್ತರಿಸುತ್ತಾನೆ, ಅದಕ್ಕೆ ಕರಗಿಬಿಡುತ್ತೇನೆ ನಾನು, ದಡ್ಡಿ, ಟಾರ್ಟಿಗೆ ಕರಗುವ ಹೆಂಗಸಿಗೆ ಏನು ಬೇಕಾದರೂ ಮಾಡಬಹುದು. ಆದರೆ ಅದು ಯಾವನೋ ಬೇಟೆಗಾರನ ಕೋವಿ, ಇದು ಹಾಗಲ್ಲ, ನಾಳೆ ಕೋಟೆಯ ಹಬ್ಬ, ಹಳೇ ಸಿಪಾಯಿಗಳ ವೇಷ ಹಾಕುವ ಸಂಘದವರು ಈ ಜೋಡಿ ಮಾಡಿಸಿದ್ದೇ ಅದಕ್ಕೆ, ಹಾರಿಸುವವಳು ನನ್ನ ಮಗಳು, ಪೆರೀನ್, ನೀಲಿ ಕೋಟು ಹೊಲಿಸಿಕೊಂಡು ಕೂತಿದ್ದಾಳೆ, ಕೋವಿಯ ಮರದ ಹಿಡಿಗೆ ಕೆನ್ನೆ ಒತ್ತಿ ಗುರಿ ಹಿಡಿಯುತ್ತಾಳೆ, ಅವಳ ಕೆನ್ನೆಗೂ ಬಿರಡೆಗೂ ನಡುವೆ ಒಂದು ಗೇಣು, ಮುದ್ರೆ ಬಿದ್ದದ್ದು ಮೊದಲಿನ ಬಿರಡೆಗೆ, ಈಗ ಒಳಗಿರುವುದು ಯಾವುದೋ, ಆ ಮುದ್ರೆ ಬರೀ ಸುಳ್ಳು, ಬಿರಡೆ ಕಿತ್ತು ಬಂದರೆ ನೇರ ಅವಳ ಮುಖಕ್ಕೆ. ಅವನು ಬರುವ ಮೊದಲೇ ಬಿಚ್ಚಿ ಮೇಜಿನ ಮೇಲೆ ಇಡುತ್ತೇನೆ, ಆಮೇಲೆ ಅದೇನು ಹೇಳುತ್ತಾನೋ ಕೇಳೋಣ.

ಅಲ್ಲಾ, ಬೇರೆ ಕಾರಣ ಇರಬಹುದಲ್ಲವಾ, ಇಲ್ಲ, ಒಳಗೆ ಏನಾದರೂ ಉಳಿದಿದ್ದರೆ — ಇಲ್ಲ ಇಲ್ಲ, ಭಾನುವಾರ ಸಂಜೆ ನೋಡಿದ್ದಾಯಿತಲ್ಲ, ಮಾವನವರ ಕಾಲದಿಂದ ಈ ಹೊಸ್ತಿಲಿಗೆ ಒಂದು ಕಟ್ಟುಪಾಡು, ಹಾರಿಸಿ ತಂದ ಕೋವಿಗೆ ಹಾರಿಸಿದವರೇ ಕೋಲು ಹಾಕುವಂತಿಲ್ಲ, ಹಾರಿಸಿದವರಿಗೆ ಹಾರಿತು ಎಂಬ ನಂಬಿಕೆ ಇರುತ್ತದೆ, ನಂಬಿಕೆ ಇದ್ದವರ ಕಣ್ಣು ಕೋಲನ್ನು ನೋಡುವುದಿಲ್ಲ, ಇನ್ನೊಬ್ಬರೇ ಹಾಕಬೇಕು, ಭಾನುವಾರ ನಾನೂ ಪೆರೀನೂ ಕಲ್ಲುಗಣಿಯಲ್ಲಿ ಹಾರಿಸಿ ಬಂದಾಗ ಮನೆಯಲ್ಲಿ ಉಳಿದಿದ್ದವನು ಸೆರ್ವೆ, ಅವನೇ ಹಾಕಿದ, ಬೆನ್ನ ಹಿಂದೆ ಕೈ ಕಟ್ಟಿ, ಬಗ್ಗಿ, ಎರಡಕ್ಕೂ, ಸಮ ಇದೆ ಅತ್ತಿಗೆ, ಖಾಲಿ, ಎಂದ, ಈ ಕಿವಿಯಾರೆ ಕೇಳಿದ್ದೇನೆ, ಹಾಗಾದರೆ ಭಾನುವಾರ ಸಮ ಇದ್ದದ್ದು ಶನಿವಾರಕ್ಕೆ ನಾಲ್ಕು ಬೆರಳು ಹೊರಗೆ ಹೇಗೆ ಬಂತು, ನಡುವೆ ಮಂಗಳವಾರ, ಗುಡಿಸಿದ ನೆಲ, ಎರಡು ದೀಪ, ಲೆಕ್ಕ ಸರಿಹೋಯಿತು. ಮರದ ಹಿಡಿಯಿಂದ ನಳಿಗೆ ಮೊದಲೇ ಬಿಚ್ಚಿದ್ದೆ, ಎಣ್ಣೆಗೆಂದು, ಕೋಲು ಒಳಗಿದ್ದ ಹಾಗೇ ಒಂದೊಂದೇ ತುದಿ ಎತ್ತಿ ವೈಸಿಗೆ ಕಚ್ಚಿಸಿದೆ, ಬಾಯಿ ಬಾಗಿಲ ಕಡೆ, ಬೇರೆ ಕಡೆ ತಿರುಗಿಸಲು ಜಾಗವಿಲ್ಲ, ಬಿರಡೆಯ ಹಿಡಿಗೆ ದೊಡ್ಡ ಪಾನಾ ಹಾಕಿ ಎಳೆದರೆ ಅಲುಗಲಿಲ್ಲ, ಬಿಗಿದಿದ್ದಾನೆ ಮಹಾರಾಯ, ಅಪರಾಧಿಯ ಕೈ ಯಾವಾಗಲೂ ಒಂದು ಸುತ್ತು ಹೆಚ್ಚೇ ಬಿಗಿಯುತ್ತದೆ, ಇರಲಿ, ಕಾಯಿಸಿದರೆ ಬಿಟ್ಟುಕೊಳ್ಳುತ್ತದೆ, ಬೆಸುಗೆಯ ಗ್ಯಾಸ್ ದೀಪ ಹಚ್ಚಿದೆ, ಜ್ವಾಲೆ ಮೊದಲು ಹಳದಿ, ಆಮೇಲೆ ನೀಲಿ, ಬಿರಡೆಯ ಹಿಂದಿನಿಂದ ಶುರುಮಾಡಿ ಮೆಲ್ಲಗೆ ಮುಂದಕ್ಕೆ ತರಬೇಕು. ಎಣ್ಣೆ ಸುಟ್ಟ ವಾಸನೆ ಬರುತ್ತಿದೆ.

ಕಲ್ಲುಗಣಿಯಲ್ಲೂ ಇದೇ ವಾಸನೆ, ಅಲ್ಲ, ಅಲ್ಲಿ ಮದ್ದಿನದ್ದು, ಕೊಳೆತ ಮೊಟ್ಟೆಯದ್ದು, ಎಷ್ಟು ಖುಷಿಯಾಗಿದ್ದೆ ಆವತ್ತು, ಕೊನೇ ಸಲ ಎರಡನ್ನೂ ಒಟ್ಟಿಗೆ ಹಾರಿಸೋಣ ಅಮ್ಮ, ಸಂಘದವರಿಗೆ ಫೋಟೋ ಬೇಕಂತೆ, ಎರಡಕ್ಕೂ ಗುಂಡು, ಈರುಳ್ಳಿಯಷ್ಟು ದಪ್ಪ ಸೀಸ, ಮದ್ದು, ಕಾಗದದ ಉಂಡೆ, ಕೋವಿಗಳನ್ನು ಗೂಟಕ್ಕೆ ಬಿಗಿದು ಕಲ್ಲಿನ ಗೋಡೆಯ ಹಿಂದೆ ಕೂತು ಹಗ್ಗ ಎಳೆದದ್ದು, ಅದರದ್ದು ಅವಳು, ಇದರದ್ದು ನಾನು, ಒಂದು ಎರಡು ಮೂರು, ಗಣಿಯೆಲ್ಲಾ ಹೊಗೆ, ಪೆರೀನ್ ಚಪ್ಪಾಳೆ ತಟ್ಟಿದಳು, ಎರಡೂ ಕೂಡಿ ಒಂದೇ ಸದ್ದು ಬಂತಲ್ಲಮ್ಮಾ, ಒಂದೇ ಸದ್ದು! ಬರದೆ ಏನು ಮಾಡುತ್ತೆ, ಕುದುರೆ ಕಟ್ಟಿದ್ದು ಯಾರು, ನಿಮ್ಮಮ್ಮ, ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲ, ದಾರಿಯುದ್ದಕ್ಕೂ ಅದನ್ನೇ ಹೇಳಿಕೊಂಡು ಬಂದೆ, ಸೆರ್ವೆಗೂ ಹೇಳಿದೆ, ಎರಡು ಕೋವಿಗೆ ಒಂದೇ ಸದ್ದು ಕಣಯ್ಯಾ — ಜ್ವಾಲೆ ಒಂದೇ ಕಡೆ ತಾಗುತ್ತಿದೆ, ನಳಿಗೆ ಅರ್ಧ ಸುತ್ತು ತಿರುಗಿಸಬೇಕು, ತಿರುಗಿಸಿದೆ, ನಳಿಗೆಯ ಕಿವಿ ಮೇಲೆ ಬಂತು, ರಂಜಕದ, ಹೊರಗೆ ಇಡುವ ಚಿಟಿಕೆ ಮದ್ದಿನ, ಕಿಡಿ ಒಳಗೆ ಹೋಗುವ ತೂತು, ಬಿರಡೆಯ ಮುಂದೆ ಒಂದೂವರೆ ಬೆರಳಿಗೆ ನಾನೇ ಕೊರೆದದ್ದು, ಇದಕ್ಕೆ ಬೆಂಕಿ ತಾಗದಂತೆ ನೋಡಿಕೊಳ್ಳಬೇಕು, ತೂತಿನ ಅಂಚು ಸುಟ್ಟರೆ — ಒಂದೂವರೆ ಬೆರಳಿಗೆ. ಬಿರಡೆ ನಾಲ್ಕು ಬೆರಳು ಉದ್ದವಾಗಿದ್ದರೆ ಈ ಕಿವಿ ತೆರೆಯುವುದು ಎಲ್ಲಿಗೆ, ಬರೀ ಕಬ್ಬಿಣಕ್ಕೆ, ಸೂಜಿ ಹಾಕಿದರೆ ಕಬ್ಬಿಣ ಸಿಗಬೇಕು, ಸಿಗುತ್ತದೆ, ಸಿಕ್ಕೇ ಸಿಗುತ್ತದೆ, ದೀಪ ಎಡಗೈಗೆ ದಾಟಿಸಿ ಬಲಗೈಯಲ್ಲಿ ಸೂಜಿ ಹಾಕಿದೆ, ಮೊದಲು ಮಸಿಯ ಗಟ್ಟಿ ಸಿಪ್ಪೆ, ಒಡೆಯಿತು, ಆಮೇಲೆ ಕಬ್ಬಿಣ ಸಿಗಲಿಲ್ಲ, ಒಳಗೆ ಹೋಯಿತು, ಕರಕರ ಎಂದಿತು, ಉಪ್ಪಿನ ಡಬ್ಬಿಗೆ ಚಮಚ ಹಾಕಿದ ಹಾಗೆ, ಹೊರಗೆ ಎಳೆದರೆ ತುದಿಯಲ್ಲಿ ಕಪ್ಪು ಕಾಳು, ಒಂದು, ಇನ್ನೊಂದು, ನನ್ನ ಅಂಗೈ ಮೇಲೆ, ಎಡಗೈಯಲ್ಲಿ ನೀಲಿ ಜ್ವಾಲೆ ಹಿಸ್ ಎನ್ನುತ್ತಲೇ ಇದೆ.

ದೀಪ ಆರಿಸಿದ್ದೇನೆ, ಯಾವಾಗ ಆರಿಸಿದೆನೋ ಗೊತ್ತಿಲ್ಲ, ಕಬ್ಬಿಣ ಅದ್ದುವ ಬಕೆಟ್ಟಿನ ನೀರನ್ನೆಲ್ಲಾ ಬಿರಡೆಯ ಮೇಲೆ, ಕಿವಿಯೊಳಗೆ, ಸುರಿದು ಸುರಿದು ಹಬೆ ಎದ್ದಿದೆ, ಕಾಲೆಲ್ಲಾ ಒದ್ದೆ, ಇನ್ನು ಹಾರುವುದಿಲ್ಲ, ಮದ್ದು ಗಂಜಿಯಾಗಿರುತ್ತದೆ, ಇನ್ನು ಹಾರುವುದಿಲ್ಲ. ಒಂದೇ ಸದ್ದು ಅಂದರೆ ಒಂದೇ ಹಾರಿದ್ದು, ಪೆರೀನದು, ನನ್ನದರ ಕಿವಿಗೆ ಮಸಿ ಕಟ್ಟಿಕೊಂಡು ರಂಜಕ ಮೇಲೆಯೇ ಉರಿದುಹೋಯಿತು, ಹೊಗೆಯಲ್ಲಿ ಕಾಣಲಿಲ್ಲ, ಚಪ್ಪಾಳೆಗೆ ಹಿಗ್ಗಿದೆ, ಆರು ದಿನದಿಂದ ತುಂಬಿದ ಕೋವಿಯ ಪಕ್ಕದಲ್ಲಿ ಬ್ರೆಡ್ಡಿಗೆ ಪೇರ್ ಹಣ್ಣಿನ ಪಾಕ ಸವರಿಕೊಂಡು ತಿಂದಿದ್ದೇನೆ, ಕೋಲು ಹೊರಗೆ ನಿಂತರೆ ಒಳಗೆ ಮದ್ದಿದೆ ಎಂದು ಈ ಕಣಿವೆಯಲ್ಲಿ ಎಂಟು ವರ್ಷದ ಮಗುವಿಗೂ ಗೊತ್ತು, ನನಗೆ ಮಾತ್ರ ಮಗ್ಗುಲಲ್ಲಿ ಕಳ್ಳನೇ ಕಂಡ, ಬಾಯಿ ಬಾಗಿಲ ಕಡೆ, ಇನ್ನೆರಡು ನಿಮಿಷ ಬಿಟ್ಟು ಟಾರ್ಟ್ ಹಿಡಿದು ಅವನು ಒಳಗೆ ಕಾಲಿಡುತ್ತಿದ್ದ, ದೇವರೇ. ಆದರೆ ಭಾನುವಾರ ಅವನು ಸಮ ಇದೆ ಎಂದನಲ್ಲ, ನಾನು ತಪ್ಪಿದೆ, ಒಪ್ಪಿದೆ, ಅದಕ್ಕೇ ಅಲ್ಲವಾ ಇನ್ನೊಬ್ಬರು ನೋಡಬೇಕೆನ್ನುವುದು, ಕೋಲು ಹಾಕಿದ, ಬಗ್ಗಿ ನೋಡಿದ, ಖಾಲಿ ಎಂದ, ನಾಲ್ಕು ಬೆರಳು ಕಣ್ಣೆದುರಿಗೆ ನಿಂತಿದ್ದರೂ ಖಾಲಿ ಎಂದ, ಬೇಕೆಂದೇ ಎಂದನಾ, ನಾನು ಸತ್ತರೆ ಇದೆಲ್ಲಾ ಅವನದಾ, ಥೂ, ಎಂಥಾ ಮನಸ್ಸು ನನ್ನದು, ಆದರೂ ಯಾಕೆ ಹೇಳಿದ, ಹೇಳಲೇಬೇಕು ಅವನು — ಮೆಟ್ಟಿಲ ಮೇಲೆ ಹೆಜ್ಜೆ, ಒಂದೊಂದೇ, ಇಷ್ಟು ನಿಧಾನ ಯಾವಾಗಿನಿಂದ, ಗೋಡೆಗೆ ಕೈ ಸವರುವ ಸದ್ದು, ಬಾಗಿಲು, ಏನ್ ಅತ್ತಿಗೆ ಹಬೆ ಹಬೆ, ಸ್ನಾನ ಮಾಡ್ತಿದ್ರಾ ಇಲ್ಲೇ, ತಮಾಷೆ ಬೇಡ ಸೆರ್ವೆ ಇಲ್ಲಿ ಬಾ, ಟಾರ್ಟ್ ಇಡೋಕೆ ಬಿಡಿ, ಇಟ್ಟ, ಮೇಜಿನ ಅಂಚಿಗಿಂತ ಒಂದಿಷ್ಟು ಈಚೆಗೆ ಇಟ್ಟ, ಡಬ್ಬಿ ನೆಲಕ್ಕೆ ಬೀಳುವುದನ್ನು ನಾನು ಹಿಡಿದೆ, ಅಯ್ಯೋ ಜಾರ್ತಲ್ಲ, ಎಂದ, ಆ ಕೋಲು ನೋಡು, ಯಾಕೆ, ನೋಡು ಅಂದ್ನಲ್ಲಾ, ಉಂಗುರ ಎಲ್ಲಿದೆ ಹೇಳು, ಪಕ್ಕಕ್ಕೆ ಬಂದು ನಿಂತ, ಕಿಟಕಿಯ ಬಿಸಿಲು ನೇರ ಅದರ ಮೇಲೆ ಬಿದ್ದಿದೆ, ಬೆನ್ನ ಹಿಂದೆ ಕೈ ಕಟ್ಟಿದ, ಬಗ್ಗಿದ, ಮೂಗು ತಾಗುವಷ್ಟು ಬಗ್ಗಿದ, ಕಣ್ಣು ತೆರೆದೇ ಇದೆ, ರೆಪ್ಪೆ ಬಡಿಯಿತು, ಉಂಗುರ ಅವನ ಕಣ್ಣೆದುರಿಗೆ ಮಿನುಗುತ್ತಿದೆ, ಸಮ ಇದೆ ಅತ್ತಿಗೆ, ಎಂದ, ಖಾಲಿ, ಎಂದು ನನ್ನತ್ತ ತಿರುಗಿ ನಕ್ಕ, ನನ್ನತ್ತ ಅಲ್ಲ, ನನ್ನ ಭುಜಕ್ಕಿಂತ ತುಸು ಆಚೆಗೆ, ಅಲ್ಲಿ ಯಾರೂ ಇಲ್ಲ, ಹಾಡಹಗಲು ಎರಡು ದೀಪ, ಅತ್ತಿಗೆಗೆ ಗೊತ್ತಾಗೋದು ಬೇಡ, ಮತ್ತು ಕೋಲು, ಬಿಸಿಲಲ್ಲಿ ಹಿತ್ತಾಳೆ, ನಾಲ್ಕು ಬೆರಳು, ನಾಲ್ಕು ಬೆರಳು ಹೊರಗೆ