ಪರದೆಯ ಮೇಲಿನ ಬಾಯಿ

ತುಂಗಾಳ ಬಾಯಲ್ಲಿ ಮೊದಲ ಹುಣ್ಣು ಎದ್ದದ್ದು ಕೆಳದುಟಿಯ ಒಳಮಗ್ಗುಲಲ್ಲಿ. ಬಿಸಿ ಕಾಫಿ ಸುಟ್ಟಿರಬೇಕು ಅಂದುಕೊಂಡು ಸುಮ್ಮನಾದಳು. ಅದು ಮಾಯಲಿಲ್ಲ. ಪಕ್ಕದಲ್ಲೇ ಇನ್ನೊಂದು ಬಂತು, ಆಮೇಲೆ ಕೆನ್ನೆಯ ಒಳಗೆ, ಒಸಡಿನ ಅಂಚಿಗೆ. ಹಲ್ಲುಜ್ಜಿದರೆ ಬ್ರಷ್ಷಿಗೆ ಬೆಳ್ಳನೆಯ ಸಿಪ್ಪೆ ಅಂಟಿಕೊಂಡು ಬರುತ್ತಿತ್ತು. ಅನ್ನಕ್ಕೆ ಸಾರು ಕಲಸಿಕೊಳ್ಳುವುದನ್ನು ಬಿಟ್ಟಳು, ಆಮೇಲೆ ಅನ್ನವನ್ನೂ ಬಿಟ್ಟು ಮಜ್ಜಿಗೆಗೆ ರಾಗಿ ಗಂಜಿ ಬೆರೆಸಿ ಕುಡಿಯತೊಡಗಿದಳು.

ಅವಳಿಗೆ ಬಾಯೇ ಬಂಡವಾಳ. ಪೆರುಂಗುಡಿಯಲ್ಲಿ ಅವಳ ಆಫೀಸು. ಕೆರೆ, ಜೌಗು ಪ್ರದೇಶಗಳನ್ನು ಉಳಿಸಿಕೊಳ್ಳುವುದು ಹೇಗೆ ಎಂದು ಸರ್ಕಾರಕ್ಕೆ ಕರಡು ನೀತಿ ಬರೆದುಕೊಡುವ ಸಂಸ್ಥೆ ಅದು. ಕರಡು ಬರೆಯುವವರು ಬೇರೆ ಇದ್ದರು. ಅದನ್ನು ಹಿಡಿದುಕೊಂಡು ಜೌಗಿನ ಅಂಚಿನ ಬೀದಿಗಳಿಗೆ ಹೋಗಿ, ನಕ್ಷೆ ಬಿಡಿಸಿ, ಎಲ್ಲಿಯವರೆಗೆ ನೀರು ನಿಲ್ಲಬೇಕು, ಎಲ್ಲಿ ಮಣ್ಣು ತುಂಬಬಾರದು ಎಂದು ಜನರಿಗೆ ತಿಳಿಹೇಳುವುದು, ಅವರ ಬೈಗುಳ ಕೇಳಿಸಿಕೊಳ್ಳುವುದು ತುಂಗಾಳ ಕೆಲಸ. ಮಂಡ್ಯದಿಂದ ಈ ತಮಿಳು ಊರಿಗೆ ಬಂದಾಗ ಬಸ್ಸಿನ ಬೋರ್ಡು ಓದಲು ಬಾರದಿದ್ದವಳು ಈ ಓಡಾಟದಲ್ಲೇ ತಮಿಳು ಕಲಿತಳು. ಎಮ್ಮೆ ಸಾಕುವ ಅಂಜಲೈ ಎಂಬಾಕೆಯಂತೂ ಅವಳನ್ನು ಕಂಡರೆ ಸಾಕು, ಕೊಟ್ಟಿಗೆಯ ಮುಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿ, ಹಾಲು ಜಾಸ್ತಿ ಹಾಕಿದ ಟೀ ಕೊಡುತ್ತಿದ್ದಳು.

ಮನೆಯಲ್ಲಿ ಮಾತ್ರ ಮಾತಿಗೆ ಯಾರೂ ಇರಲಿಲ್ಲ. ಬಾಡಿಗೆ ಹಂಚಿಕೊಂಡಿದ್ದ ಗೆಳತಿ ವೀಕ್ಷಾ ಮದುವೆಯಾಗಿ ಹೋದ ಮೇಲೆ ಅವಳ ಕೋಣೆಯಲ್ಲಿ ಬಟ್ಟೆ ಒಣಗುತ್ತಿತ್ತು.

ಮನೆಯ ಹತ್ತಿರದ ದಂತವೈದ್ಯ ಮಧುಸೂದನ್ ಟಾರ್ಚು ಹಾಕಿ ನೋಡಿ, "ಒಬ್ಬರೇ ಇದ್ದೀರಾ?" ಎಂದು ತಮಿಳಿನಲ್ಲಿ ಕೇಳಿದ್ದರು.

"ಹೌದು."

"ಸರಿಯಾಗಿ ಊಟ ಮಾಡಲ್ಲ, ನಿದ್ದೆ ಇಲ್ಲ, ಮನಸ್ಸಿನಲ್ಲಿ ಏನೇನೋ ಯೋಚನೆ. ಅಲ್ಲವಾ?"

ಮೂರೂ ನಿಜವೇ ಆಗಿತ್ತು. ತಲೆಯಾಡಿಸಿದಳು. ವಿಟಮಿನ್ ಮಾತ್ರೆ, ಹಚ್ಚಿಕೊಳ್ಳಲು ಜೆಲ್ ಬರೆದುಕೊಟ್ಟರು. ಕಡಿಮೆಯಾಗಲಿಲ್ಲವೆಂದು ಮತ್ತೆ ಹೋದಾಗ ಜೆಲ್ಲಿನ ಹೆಸರು ಬದಲಾಯಿತು. ಬೇರೆ ಇಬ್ಬರು ಡಾಕ್ಟರರೂ ಹೆಚ್ಚುಕಡಿಮೆ ಅದನ್ನೇ ಕೇಳಿದರು, ಅದನ್ನೇ ಹೇಳಿದರು. ಬರಬರುತ್ತಾ ತುಂಗಾಳಿಗೂ ಅದೇ ಸರಿ ಅನಿಸಿತು. ಒಂಟಿಯಾಗಿರುವುದೇ ಒಳಗಿನಿಂದ ತನ್ನ ಬಾಯನ್ನು ತಿನ್ನುತ್ತಿದೆ, ಇದು ತಾನಾಗಿ ತಂದುಕೊಂಡದ್ದು, ಯಾರಿಗೆ ಹೇಳಿಕೊಂಡರೂ ನಾಚಿಕೆ ಎಂದುಕೊಂಡಳು.

ಮಾತಾಡಿದರೆ ನಾಲಿಗೆ ಗಾಯಕ್ಕೆ ಉಜ್ಜುತ್ತಿತ್ತು. ಮೈಸೂರಿನಲ್ಲಿದ್ದ ಅಕ್ಕ ಉಷಾ ಫೋನ್ ಮಾಡಿದರೆ ಎತ್ತದೆ, "ಮೀಟಿಂಗಲ್ಲಿದೀನಿ" ಎಂದು ಮೆಸೇಜು ಹಾಕುತ್ತಿದ್ದಳು. ಒಂದು ಭಾನುವಾರ ಅಕ್ಕ ಬಿಡದೆ ಮಾಡಿದಾಗ ಎತ್ತಿದಳು.

"ಭಾನುವಾರನೂ ಮೀಟಿಂಗಾ ನಿಂಗೆ? ನಮ್ಮತ್ರ ಮಾತಾಡಕ್ಕೆ ಇಷ್ಟ ಇಲ್ಲ ಅಂದ್ರೆ ಹಂಗೇ ಹೇಳ್ಬುಡು."

"ಹಂಗಲ್ಲ ಕಣಕ್ಕಾ..." ಎಂದಳು. ಮುಂದಿನ ಮಾತು ಗಾಯಕ್ಕೆ ತಾಗಿ ಕಣ್ಣಲ್ಲಿ ನೀರು ಬಂತು. ಅಕ್ಕನಿಗೆ ಕೇಳಿಸಿದ್ದು ಮೌನವೊಂದೇ. ಅಕ್ಕನೇ ಫೋನ್ ಇಟ್ಟುಬಿಟ್ಟಳು.

ಆಫೀಸಿನಲ್ಲಿ ಮಧ್ಯಾಹ್ನ ಎಲ್ಲರೂ ಡಬ್ಬಿ ಬಿಚ್ಚಿ ಕೂರುವ ಮೇಜಿಗೆ ಹೋಗುವುದನ್ನು ತುಂಗಾ ಬಿಟ್ಟಳು. ಗಂಜಿ ಕುಡಿಯುವಾಗ ಮುಖ ಹಿಂಡುವುದು ಬೇರೆಯವರಿಗೆ ಕಾಣಬಾರದಿತ್ತು. ಅಂಟುರೋಗವೋ ಏನೋ ಎಂದು ಯಾರೋ ಅಂದದ್ದು ಅವಳ ಕಿವಿಗೂ ಬಿತ್ತು.

ತೂಕ ಇಳಿದು ಚೂಡಿದಾರ ಜೋತಾಡತೊಡಗಿದಾಗ ಸಹೋದ್ಯೋಗಿ ಅಜಯ್, ತನ್ನ ಹೆಂಡತಿ ಓದಿದ ದಂತವೈದ್ಯಕೀಯ ಕಾಲೇಜಿನಲ್ಲಿ ಬಾಯಿಯ ರೋಗಗಳ ಮೇಲೆಯೇ ಸಂಶೋಧನೆ ಮಾಡುವ ವಿಭಾಗವಿದೆ ಎಂದು ಹೇಳಿ ವಿಳಾಸ ಕೊಟ್ಟ. ಅಲ್ಲಿನ ಮುಖ್ಯಸ್ಥರು ಶಂಕರನಾರಾಯಣ. ಅರವತ್ತರ ಹತ್ತಿರದ ಮನುಷ್ಯ. ಅವಳ ಊರು ಕೇಳಿದವರೇ ತಮಿಳು ಬೆರೆತ ಕನ್ನಡಕ್ಕೆ ತಿರುಗಿದರು.

"ಮಂಡ್ಯ ಸೈಡಾ! ನಮ್ಮ ತಾತ ರೈಲ್ವೇಲಿ ವೇಲೆ ಸಿಕ್ತೂಂತ ಪೆರಂಬೂರಿಗೆ ಬಂದೋರು. ನಮ್ಮ ಕನ್ನಡ ಕೇಳಿ ನಗಬೇಡೀಮ್ಮ. ಬಾಯಿ ತೆರೀರಿ. ಕೊಂಜ, ಇನ್ನೂ ಸ್ವಲ್ಪ. ಪರವಾಯಿಲ್ಲೆ, ನೋವಾದ್ರೆ ಕೈ ಎತ್ತಿ."

ಅವರು ಬಹಳ ಹೊತ್ತು ನೋಡಿದರು. ಗಾಯವಿಲ್ಲದ ಒಸಡನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ಸರಿಸಿದಾಗ ಅಲ್ಲಿಯ ಚರ್ಮವೂ ಜಾರಿತು. ಪಕ್ಕದಲ್ಲಿ ನಿಂತಿದ್ದ ಸ್ನಾತಕೋತ್ತರ ವಿದ್ಯಾರ್ಥಿನಿ ಚಿನ್ಮಯಿಯ ಕಡೆ ತಿರುಗಿ ಏನೋ ಹೇಳಿದರು. ಅವಳು ಗಾಯದ ಅಂಚಿನಿಂದ ಅಕ್ಕಿಕಾಳಿನಷ್ಟು ಚರ್ಮ ಕತ್ತರಿಸಿ ತೆಗೆದುಕೊಂಡಳು. ಗಾಯಗಳ ಫೋಟೋ ತೆಗೆಯಲು, ಹೆಸರು ಹೇಳದೆ ಬೇರೆ ವೈದ್ಯರಿಗೆ ತೋರಿಸಲು ಒಪ್ಪಿಗೆ ಕೇಳಿದಳು. ತುಂಗಾ ಸಹಿ ಹಾಕಿದಳು.

ಮುಂದಿನ ವಾರ ಶಂಕರನಾರಾಯಣ ಅವಳನ್ನು ಪ್ರಯೋಗಾಲಯದ ಕತ್ತಲು ಕೋಣೆಗೆ ಕರೆದುಕೊಂಡು ಹೋಗಿ ಸೂಕ್ಷ್ಮದರ್ಶಕದಲ್ಲಿ ನೋಡಿ ಅಂದರು. ಕಪ್ಪು ಹಿನ್ನೆಲೆಯಲ್ಲಿ ಹಸಿರು ಗೆರೆಗಳು, ನೀರಿಗೆ ಬಿಟ್ಟ ಮೀನುಬಲೆಯ ಹಾಗೆ, ಹೊಳೆಯುತ್ತಿದ್ದವು.

"ಇದು ನಿಮ್ಮ ಚರ್ಮ. ಜೀವಕೋಶಗಳು ಒಂದಕ್ಕೊಂದು ಅಂಟಿಕೊಂಡಿರೋ ಜಾಗಕ್ಕೆ ನಿಮ್ಮ ದೇಹದ ಕಾವಲುಗಾರರೇ ಹೋಗಿ ಕೂತಿದಾರೆ. ಶತ್ರು ಅಂತ ತಪ್ಪು ತಿಳಕೊಂಡು ಬಿಡಿಸ್ತಾ ಇದಾರೆ. ಪೆಂಫಿಗಸ್ ಅಂತಾರೆ. ಅಪರೂಪದ್ದು. ಯಾರಿಗೂ ಅಂಟಲ್ಲ."

"ನಾನು ಒಬ್ಬಳೇ ಇರೋದ್ರಿಂದ ಬಂದಿದ್ದಲ್ವಾ ಸಾರ್?"

ಅವರು ಕನ್ನಡಕ ತೆಗೆದು ಅವಳನ್ನೇ ನೋಡಿದರು. "ಹಂಗಂತ ಯಾರಮ್ಮ ಹೇಳಿದ್ದು?"

ಅವಳು ಹೇಳಿದಳು. ಅವರು ಕನ್ನಡಕ ಮತ್ತೆ ಏರಿಸಿಕೊಂಡು, "ಇದಕ್ಕೂ ಅದಕ್ಕೂ ಸಂಬಂಧ ಇಲ್ಲ. ಕೇಳಿಸ್ತಾ? ಇದಕ್ಕೆ ಔಷಧಿ ಇದೆ" ಎಂದರು.

ಮೆಟ್ಟಿಲಿಳಿದು ಬರುವಾಗ ತುಂಗಾಳಿಗೆ ಮೈ ಹಗುರಾದಂತೆನಿಸಿತು. ಬಸ್ಸಿನಲ್ಲಿ ಕೂತ ಮೇಲೆ ಮಾತ್ರ ಬೇರೆಯೇ ಒಂದು ಯೋಚನೆ ಬಂದು ಪಕ್ಕದಲ್ಲಿ ಕುಳಿತಿತು. ಹುಣ್ಣಿಗೆ ಔಷಧಿ ಇದೆ, ಸರಿ. ಇಷ್ಟು ದಿನ ಹುಣ್ಣಿನ ಜೊತೆ ಸೇರಿಸಿ ನೋಡುತ್ತಿದ್ದ ಇನ್ನೊಂದು ಈಗ ಬೇರೆಯಾಗಿ, ಹೆಸರಿಲ್ಲದೆ, ಹಾಗೆಯೇ ಉಳಿದಿತ್ತು.

ಶಂಕರನಾರಾಯಣ ಕಳಿಸಿಕೊಟ್ಟ ಚರ್ಮವೈದ್ಯರು ಸ್ಟೀರಾಯ್ಡ್ ಮಾತ್ರೆ ಶುರುಮಾಡಿದರು. ಹೆಚ್ಚು ದಿನ ಕಾಯಬೇಕಾಗಲಿಲ್ಲ. ಹೊಸ ಹುಣ್ಣು ಏಳುವುದು ನಿಂತಿತು, ಹಳೆಯವು ಮುಚ್ಚಿಕೊಂಡವು. ಒಂದು ಬೆಳಿಗ್ಗೆ ಉಪ್ಪಿಟ್ಟು ಮಾಡಿಕೊಂಡು, ಹಸಿಮೆಣಸಿನಕಾಯಿಯ ಚೂರು ನಾಲಿಗೆಗೆ ಸಿಕ್ಕಿ ಖಾರವಾದಾಗ, ಬರೀ ಖಾರ, ಉರಿಯಲ್ಲ, ಅವಳು ಒಲೆಯ ಮುಂದೆ ನಿಂತೇ ಬಾಣಲೆ ಖಾಲಿ ಮಾಡಿದಳು.

ಆದರೆ ಔಷಧಿ ತನ್ನ ಪಾಲು ಕೇಳಿತು. ಹಸಿವು ಹೊತ್ತುಗೊತ್ತಿಲ್ಲದೆ ಏಳುತ್ತಿತ್ತು. ಕೆನ್ನೆಗಳು ಊದಿ, ಗಲ್ಲ ಕುತ್ತಿಗೆಯೊಳಗೆ ಸೇರಿ, ಮುಖ ತಟ್ಟೆಯಂತೆ ಗುಂಡಗಾಯಿತು. ಮೇಲ್ದುಟಿಯ ಮೇಲೆ ಕೂದಲು ಒತ್ತಾಗಿ ಬೆಳೆಯಿತು. ಇದು ಔಷಧಿಯ ಪರಿಣಾಮ, ಪ್ರಮಾಣ ಇಳಿಸಿದ ಹಾಗೆ ಇಳಿಯುತ್ತದೆ, ನೀವಾಗಿ ಮಾತ್ರೆ ನಿಲ್ಲಿಸಿದರೆ ಅಪಾಯ ಎಂದು ವೈದ್ಯರು ಮೊದಲೇ ಹೇಳಿದ್ದರು. ಕೇಳಿಸಿಕೊಳ್ಳುವುದು ಬೇರೆ, ಕನ್ನಡಿಯಲ್ಲಿ ಕಾಣುವುದು ಬೇರೆ. ಆಫೀಸಿನ ಬಾಗಿಲಲ್ಲಿ ಮುಖ ನೋಡಿ ಒಳಗೆ ಬಿಡುವ ಯಂತ್ರ ಒಂದು ದಿನ ಕೆಂಪು ದೀಪ ಹಾಕಿ ಅವಳನ್ನು ಹೊರಗೇ ನಿಲ್ಲಿಸಿತು. ಹೊಸ ಫೋಟೋ ತೆಗೆಸಿಕೊಳ್ಳಿ ಎಂದರು. ಅವಳಿಗೆ ಈ ಮುಖ ಎಲ್ಲೂ ದಾಖಲಾಗುವುದು ಬೇಕಿರಲಿಲ್ಲ. ಬಂದುಹೋಗುವವರಿಗೆ ಕೊಡುವ ಬಿಲ್ಲೆ ಕೊರಳಿಗೆ ಹಾಕಿಕೊಂಡು ಓಡಾಡಿದಳು. ಅಕ್ಕ ವಿಡಿಯೋ ಕರೆ ಮಾಡಿದರೆ ಕ್ಯಾಮೆರಾ ಹಾಳಾಗಿದೆ ಎಂದಳು.

ಆ ತಿಂಗಳು ಜೌಗಿನ ಗಡಿಯ ವಿಚಾರವಾಗಿ ಕಾರ್ಪೊರೇಷನ್ ಶಾಲೆಯಲ್ಲಿ ಸಭೆ ಇತ್ತು. ಬಾಗಿಲ ಬಳಿ ನಕ್ಷೆ ಅಂಟಿಸುತ್ತಿದ್ದ ತುಂಗಾಳ ಹತ್ತಿರ ಅಂಜಲೈ ಬಂದಳು.

"ಏನಮ್ಮಾ, ತುಂಗಾ ಮೇಡಂ ಬಂದಿಲ್ಲವಾ? ತುಂಬಾ ದಿನ ಆಯಿತು, ಆಳೇ ಕಾಣಲ್ಲ."

ನಾನೇ ಅನ್ನುವುದು ಎಷ್ಟು ಸುಲಭವಿತ್ತು. ಆದರೆ ತುಂಗಾಳ ಬಾಯಿಂದ ಬಂದದ್ದು, "ಅವರು ರಜೆಯಲ್ಲಿದ್ದಾರೆ."

"ಹುಷಾರಾಗಿದ್ದಾರೆ ತಾನೇ? ಅಂಜಲೈ ಕೇಳಿದಳು ಅಂತ ಹೇಳು."

"ಹೇಳುತ್ತೇನೆ."

ಅಂಜಲೈ ಒಳಗೆ ಹೋಗಿ ಮುಂದಿನ ಬೆಂಚಿನಲ್ಲಿ ಕೂತಳು. ಸಭೆ ಶುರುವಾದ ಮೇಲೆ ಅಜಯ್ ಮೈಕಿನಲ್ಲಿ, "ಈಗ ತುಂಗಾ ಮೇಡಂ ನಕ್ಷೆ ವಿವರಿಸುತ್ತಾರೆ" ಎಂದ. ಗುಂಡು ಮುಖದ ಹೆಂಗಸು ಎದ್ದು ಮುಂದೆ ಬರುವುದನ್ನು ಅಂಜಲೈ ನೋಡಿದಳು. ತುಂಗಾ ಅವಳ ಕಡೆ ಕಣ್ಣು ಹಾಯಿಸದೆ ನೀರಿನ ಹರಿವು, ಗಡಿಕಲ್ಲು, ಹುಲ್ಲುಗಾವಲಿನ ಹಕ್ಕು ಎಲ್ಲವನ್ನೂ ಒಪ್ಪಿಸಿದಳು. ಗಾಯವಿಲ್ಲದ ಬಾಯಿಂದ ಮಾತು ಸಲೀಸಾಗಿ ಹರಿಯಿತು. ಸಭೆ ಮುಗಿಯುತ್ತಲೇ ಅಂಜಲೈ ಎದ್ದು ತನ್ನ ಕಡೆ ಬರುವುದು ಕಂಡು, ಹಿಂದಿನ ಬಾಗಿಲಿನಿಂದ ಹೊರಟು ಸಿಕ್ಕಿದ ಆಟೋ ಹತ್ತಿದಳು.

ಮತ್ತೊಮ್ಮೆ ತಪಾಸಣೆಗೆ ಹೋದಾಗ ಚಿನ್ಮಯಿ, ಟಿ. ನಗರದ ಒಂದು ಸಭಾಂಗಣದಲ್ಲಿ ಊರಿನ ದಂತವೈದ್ಯರಿಗೆಲ್ಲ ಉಪನ್ಯಾಸವಿದೆ, ನಿಮ್ಮ ಚಿತ್ರವೂ ಇರುತ್ತದೆ, ಮುಖ ಇರುವುದಿಲ್ಲ ಎಂದಳು. ಬರಬಹುದಾ ಎಂದು ತುಂಗಾ ಕೇಳಿದಾಗ ಅವಳಿಗೆ ಆಶ್ಚರ್ಯವಾಯಿತು.

ತುಂಗಾ ಕೊನೆಯ ಸಾಲಿನಲ್ಲಿ ಕೂತಳು. ದೀಪ ಆರಿಸಿದರು. ಪರದೆಯ ತುಂಬ ಒಂದು ಬಾಯಿ ತೆರೆದುಕೊಂಡಿತು. ಕೆಂಪು, ಹಸಿ, ಅಂಚುಗಳಲ್ಲಿ ಸುಲಿದು ನಿಂತ ಬಿಳಿ ಪೊರೆ. ತನ್ನ ಬಾಯನ್ನು ಅಷ್ಟು ಹೊತ್ತು, ಅಷ್ಟು ಜನ ಸೇರಿ, ಗಮನವಿಟ್ಟು ನೋಡಿದ್ದನ್ನು ಅವಳು ಕಂಡಿರಲಿಲ್ಲ. ಪಕ್ಕದಲ್ಲಿದ್ದವರು "ಅಯ್ಯೋ" ಎಂದು ಉಸಿರೆಳೆದುಕೊಂಡರು. ಚಿನ್ಮಯಿ ಹೇಳುತ್ತಿದ್ದಳು: ಈ ರೋಗಿಗೆ ರೋಗ ಯಾವುದೆಂದು ಗೊತ್ತಾಗಲು ಐದು ತಿಂಗಳು ಹಿಡಿಯಿತು. ಮೂರು ಕಡೆ ಮಾನಸಿಕ ಒತ್ತಡ ಎಂದಿದ್ದಾರೆ. ಎರಡು ವಾರದಲ್ಲಿ ಮಾಯದ ಹುಣ್ಣನ್ನು ದಯವಿಟ್ಟು ಮುಂದಕ್ಕೆ ಕಳಿಸಿ.

ಟೀ ವೇಳೆಯಲ್ಲಿ ವಡೆಯ ತಟ್ಟೆ ಹಿಡಿದು ಗೋಡೆಗೆ ಒರಗಿದ್ದವಳ ಪಕ್ಕಕ್ಕೆ ಬಂದವರು ಮಧುಸೂದನ್. ಅವಳೂ ದಂತವೈದ್ಯೆ ಎಂದುಕೊಂಡರು.

"ನಿಮ್ಮ ಕ್ಲಿನಿಕ್ ಯಾವ ಕಡೆ ಡಾಕ್ಟರ್? ಇಂಥ ಕೇಸು ನಮ್ಮ ಹತ್ತಿರ ಎಲ್ಲಿ ಬರುತ್ತೆ ಹೇಳಿ!"

ತುಂಗಾ ತಟ್ಟೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಳು. "ಬಂದಿತ್ತು ಡಾಕ್ಟರ್. ಆ ಬಾಯಿ ನನ್ನದು. ನಿಮ್ಮ ಹತ್ತಿರವೇ ಮೊದಲು ಬಂದಿದ್ದೆ. ಒಬ್ಬರೇ ಇದ್ದೀರಾ ಅಂತ ಕೇಳಿದಿರಿ."

ಅವರು ಅವಳ ಮುಖದಲ್ಲಿ ಯಾರನ್ನೋ ಹುಡುಕಿದರು. ಸಿಕ್ಕಂತೆ ಕಾಣಲಿಲ್ಲ.

"ಆಗ ಸಣ್ಣಗಿದ್ದೆ," ಎಂದಳು. "ಇದು ಮಾತ್ರೆಯಿಂದ."

ನೆಪ ಹೇಳುತ್ತಾರೆ ಎಂದು ಅವಳು ಕಾದಳು. ಅವರು ಹೇಳಲಿಲ್ಲ. ಟೀ ಲೋಟವನ್ನು ಅವಳ ತಟ್ಟೆಯ ಪಕ್ಕ ಇಟ್ಟು, "ಒಂದು ಸಲ ನೋಡಬಹುದಾ?" ಎಂದರು.

ಜನ ಕಡಿಮೆಯಿದ್ದ ಕಾರಿಡಾರಿನ ತುದಿಗೆ ಹೋದರು. ಅವರು ಮೊಬೈಲಿನ ಬೆಳಕು ಹಾಕಿದರು. ತುಂಗಾ ಬಾಯಿ ತೆರೆದಳು. ಕೆನ್ನೆ, ಒಸಡು, ನಾಲಿಗೆಯ ಕೆಳಗೆ, ಅವರು ಒಂದೊಂದಾಗಿ, ಮೊದಲ ದಿನ ನೋಡಬೇಕಿದ್ದ ಹಾಗೆ ನೋಡಿದರು. ಎಲ್ಲ ಮುಚ್ಚಿಕೊಂಡಿದೆ, ಎಂದರು. ಆಮೇಲೆ, "ಆ ಪ್ರಶ್ನೆ ಕೇಳಿದ ಮೇಲೆ ನಾನು ಬಾಯಿ ನೋಡುವುದನ್ನೇ ನಿಲ್ಲಿಸಿಬಿಟ್ಟೆ. ನನ್ನಿಂದ ತಪ್ಪಾಯಿತಮ್ಮಾ" ಎಂದು ಕೈ ಮುಗಿದರು. ಅವಳಿಗೂ ಕೈ ಮುಗಿಯಬೇಕೋ ಬೇಡವೋ ತಿಳಿಯಲಿಲ್ಲ. ತನ್ನ ನಂಬರು ಕೊಟ್ಟಳು, ಅವರು ಕೇಳಿದ್ದರಿಂದ.

ಅಂದು ಸಂಜೆ ಅವಳೇ ಅಕ್ಕನಿಗೆ ವಿಡಿಯೋ ಕರೆ ಮಾಡಿದಳು. ಉಷಾ ಫೋನನ್ನು ಮುಖದ ಹತ್ತಿರಕ್ಕೆ ತಂದು ನೋಡಿದಳು. ಆಮೇಲೆ, "ಇದ್ಯಾಕವ್ವ ಹಿಂಗಾಗಿದ್ದೀಯ? ಒಂದು ಮಾತು ಹೇಳ್ಬಾರ್ದಾ?" ಎಂದು ಅಳತೊಡಗಿದಳು. ತುಂಗಾ ಮೊದಲಿನಿಂದ ಎಲ್ಲ ಹೇಳಿದಳು. ಅಕ್ಕ ಬರುತ್ತೇನೆಂದಳು. ಮಕ್ಕಳ ಪರೀಕ್ಷೆ ಮುಗಿಯಲಿ ಎಂದಳು. ಪರೀಕ್ಷೆ ಮುಗಿದ ಮೇಲೆ ಮಾವನಿಗೆ ಹುಷಾರಿಲ್ಲದೆ ಬರಲಾಗಲಿಲ್ಲ. ದಿನಾ ಫೋನ್ ಮಾತ್ರ ಮಾಡುತ್ತಿದ್ದಳು, ಅಡುಗೆ ಮಾಡುತ್ತಾ, ಸ್ಪೀಕರಿನಲ್ಲಿ ಹಾಕಿಕೊಂಡು. ಒಗ್ಗರಣೆಯ ಸದ್ದಿಗೆ ಅರ್ಧ ಮಾತು ಕೇಳುತ್ತಿರಲಿಲ್ಲ.

ಮಾತ್ರೆಯ ಪ್ರಮಾಣ ಇಳಿಯಿತು. ಮುಖ ನಿಧಾನವಾಗಿ, ಪೂರ್ತಿ ಅಲ್ಲ, ಕರಗಿತು.

ಒಂದು ಮಧ್ಯಾಹ್ನ ಮಧುಸೂದನ್ ಫೋನ್ ಮಾಡಿದರು. "ಇವತ್ತು ಒಬ್ಬರು ಹೆಂಗಸು ಬಂದಿದ್ದರು. ಅದೇ ಥರ ಪೊರೆ. ಜೆಲ್ಲೂ ಇಲ್ಲ, ಏನೂ ಇಲ್ಲ, ನೇರ ಶಂಕರನಾರಾಯಣ ಅವರ ಹತ್ತಿರ ಕಳಿಸಿದೆ. ನಿಮಗೆ ಹೇಳಬೇಕು ಅನ್ನಿಸಿತು."

"ಒಳ್ಳೆಯದಾಯಿತು ಡಾಕ್ಟರ್." ಆಕೆ ಯಾರು, ಜೊತೆಯಲ್ಲಿ ಯಾರಾದರೂ ಬಂದಿದ್ದರಾ ಎಂದು ಕೇಳುವಷ್ಟರಲ್ಲಿ, ರೋಗಿಗಳು ಕಾಯುತ್ತಿದ್ದಾರೆ ಎಂದು ಅವರು ಫೋನ್ ಇಟ್ಟರು.

ಆಫೀಸಿನಲ್ಲಿ ಊಟದ ಹೊತ್ತಾಗಿತ್ತು. ಆಚೆ ಮೇಜಿನಲ್ಲಿ ಡಬ್ಬಿಗಳು ತೆರೆದುಕೊಳ್ಳುತ್ತಿದ್ದವು, ಯಾರದೋ ಜೋಕಿಗೆ ಎಲ್ಲ ನಗುತ್ತಿದ್ದರು. ತುಂಗಾ ತನ್ನ ಡಬ್ಬಿ ಎತ್ತಿಕೊಂಡು ಎದ್ದು ನಿಂತಳು. ಅಲ್ಲಿ ಖಾಲಿ ಕುರ್ಚಿ ಇರಲಿಲ್ಲ. ಯಾರಾದರೂ ತಿರುಗಿ ನೋಡುವವರೆಗೆ ನಿಲ್ಲೋಣವೆಂದು ಸ್ವಲ್ಪ ಹೊತ್ತು ಹಾಗೆಯೇ ನಿಂತಿದ್ದಳು.