ಕಾರ್ಡಿನಲ್ಲಿಲ್ಲದ ಪಾಪಕ್ಕ

“ಏ ಪಾಪಕ್ಕ, ಸರ್ಕೊಳ್ಳೇ ಆ ಕಡೆ! ಕಾರ್ಡ್‌ನಾಗೆ ಹೆಸ್ರಿಲ್ದೋಳಿಗೆ ಯಾವ ನನ್ಮಗ ಅಕ್ಕಿ ಕೊಡ್ತಾನೆ?” ನ್ಯಾಯಬೆಲೆ ಅಂಗಡಿಯ ಬೊಮ್ಮಲಿಂಗಪ್ಪ ತಕ್ಕಡಿಯ ಹಿಂದಿನಿಂದ ಗದರಿದ.

ಹೋದ ತಿಂಗಳವರೆಗೆ ಹೆಸರಿತ್ತು. ತಾಯಿಯಿಲ್ಲದ ಮೊಮ್ಮಗಳು ದಿವ್ಯಾಳನ್ನೂ ಕಾರ್ಡಿಗೆ ಸೇರಿಸೋಣವೆಂದು ಪಾಪಕ್ಕ ಒಂದು ದಿನದ ಕೂಲಿ ಬಿಟ್ಟು ಪಕ್ಕದ ಊರು ತಳಕಿಗೆ ಹೋಗಿ, ಕಂಪ್ಯೂಟರ್ ಅಂಗಡಿಯ ಮಹಾಂತೇಶನ ಮುಂದೆ ಕೂತಿದ್ದಳು. ಯಾರೋ ಪುಣ್ಯಾತ್ಮರು ಒಂದೇ ಪುಟದಲ್ಲಿ ಎರಡು ಫಾರಂ ಇಟ್ಟಿದ್ದರು. ಮೇಲೆ ಹೆಸರು ಸೇರಿಸುವುದು, ಕೆಳಗೆ ಹೆಸರು ತೆಗೆಯುವುದು; ಎರಡಕ್ಕೂ ಒಂದೇ ಬಣ್ಣದ ‘ಸಲ್ಲಿಸಿ’ ಗುಂಡಿ. ಮಹಾಂತೇಶ ಮೇಲಿನದನ್ನು ತುಂಬಿದ. ಶೇಂಗಾ ಕಿತ್ತು ಕಿತ್ತು ಸವೆದ ಹೆಬ್ಬೆರಳನ್ನು ಮಿಷನ್ನು ಆರು ಸಲ ಒಪ್ಪಲಿಲ್ಲ. ತಲೆಯ ಎಣ್ಣೆಗೆ ತಿಕ್ಕಿ ಏಳನೇ ಸಲ ಒತ್ತಿದಾಗ ಹಸಿರು ದೀಪ ಬಂತು.

“ತಗಂತು ಕಣಕ್ಕ!” ಎಂದ ಸಂಭ್ರಮದಲ್ಲಿ ಮಹಾಂತೇಶ ಕಣ್ಣಿಗೆ ಬಿದ್ದ ಗುಂಡಿ ಒತ್ತಿದ. ಅದು ಕೆಳಗಿನದು. ಅಲ್ಲಿ ಮನೆಯ ಯಜಮಾನಿಯ ಹೆಸರು ತಾನಾಗಿಯೇ ಕೂತಿತ್ತು. ದಿವ್ಯಾ ಸೇರಲಿಲ್ಲ, ಪಾಪಕ್ಕ ಹೋದಳು.

ಪೇಟೆಯ ರೇಷನ್ ಕಚೇರಿಗೆ ಹೋದರೆ, ಸಾಹೇಬರು ತಲೆಯೆತ್ತದೆ ನ್ಯಾಯ ಹೇಳಿದರು.

“ಹೆಸ್ರು ತೆಗೀರಿ ಅಂತ ನೀನೇ ಹೆಬ್ಬೆಟ್ಟು ಒತ್ತಿದೀಯಲ್ಲಮ್ಮ.”

“ತಪ್ಪಾಗೈತೆ ಸ್ವಾಮಿ. ವಾಪಸ್ ಸೇರಿಸ್ರಿ.”

“ಸೇರಿಸ್ಬೇಕಂದ್ರೆ ಕಾರ್ಡ್‌ನಲ್ಲಿ ಇರೋರು ಹೆಬ್ಬೆಟ್ಟು ಕೊಡ್ಬೇಕು.”

“ಇದ್ದೋಳು ನಾನೊಬ್ಳೇ ಅಲ್ಲೇನ್ರಿ?”

“ಈಗಿಲ್ವಲ್ಲ. ನಡಿ, ಗಾಳಿ ಬಿಡು.”

ಈಗ ಬೊಮ್ಮಲಿಂಗಪ್ಪ ತನ್ನ ಅಂಗಡಿಯ ಹೆಬ್ಬೆಟ್ಟಿನ ಮಿಷನ್ನನ್ನು ಅವಳ ಮುಖಕ್ಕೇ ಹಿಡಿದ. “ನೋಡೇ ಮುಂಡೆ, ನೀನು ಇಲ್ವೇ ಇಲ್ಲ!” ಸಾಲಿನ ಮುಂದಿದ್ದ ಗೀತಮ್ಮ ಕಿಸಕ್ಕೆಂದಳು.

ಪಾಪಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಮನೆಯಲ್ಲಿ ಮಗು ನಿನ್ನೆಯ ಅಂಬಲಿಯ ಪಾತ್ರೆ ಕೆರೆಯುತ್ತಿತ್ತು. ಅವಳು ಸೆರಗನ್ನು ಸೊಂಟಕ್ಕೆ ಸಿಗಿಸಿ, ಅಡ್ಡ ಇಟ್ಟಿದ್ದ ಬೆಂಚು ದಾಟಿ ಒಳಗೆ ಹೋದಳು. ಬೊಮ್ಮಲಿಂಗಪ್ಪ ಪೇಟೆಯ ಹೋಟೆಲಿಗೆಂದು ಗುಟ್ಟಾಗಿ ಕಟ್ಟಿಟ್ಟಿದ್ದ ಅರ್ಧ ಚೀಲ ಅಕ್ಕಿಯನ್ನು ಎತ್ತಿ ತಲೆಯ ಮೇಲಿಟ್ಟುಕೊಂಡಳು.

“ಕಳ್ಳ ಬೋಸುಡಿ! ಪೊಲೀಸ್ ಕಂಪ್ಲೇಂಟ್ ಕೊಡ್ತೀನಿ!”

“ಕೊಡಪ್ಪ. ಯಾರ್ ಮ್ಯಾಲೆ ಕೊಡ್ತೀಯಾ? ನಾನು ಇಲ್ವೇ ಇಲ್ವಲ್ಲ.”

ಅವಳು ಹೊರಗೆ ಬಂದಂತೆ ಸಾಲು ಸರಿದು ದಾರಿ ಬಿಟ್ಟಿತು. ಬೊಮ್ಮಲಿಂಗಪ್ಪ ಜನರತ್ತ ತಿರುಗಿ ಅರಚಿದ. “ನೋಡಿದ್ರಲ್ಲ? ಎಲ್ರೂ ಸಾಕ್ಷಿ ಹೇಳ್ಬೇಕು!”

“ಯಾರ್ ಬಂದಿದ್ರಣ್ಣ? ನಮಗ್ಯಾರೂ ಕಾಣ್ಲಿಲ್ಲ,” ಎಂದಳು ಗೀತಮ್ಮ, ತನ್ನ ಚೀಲದ ಬಾಯಿ ಬಿಚ್ಚುತ್ತಾ. “ಅಕ್ಕಿ ಹಾಕು.”