ನಾಲಿಗೆಗೆ ಅಂಟುವ ಮಣ್ಣು

ಹೊಸದಾಗಿ ಸುಟ್ಟ ಮಣ್ಣಿನ ಪಾತ್ರೆ ಕೈಗೆ ಬಂದರೆ ಬೈರಮ್ಮ ಅದನ್ನು ತಿರುಗಿಸಿ ನೋಡುವುದಿಲ್ಲ, ತಟ್ಟಿ ಸದ್ದು ಕೇಳುವುದಿಲ್ಲ. ಸೆರಗಿನಿಂದ ಒರೆಸಿ, ನಾಲಿಗೆಯ ತುದಿಯನ್ನು ಅದರ ಒಡಲಿಗೆ ತಾಗಿಸುತ್ತಾರೆ. ನಾಲಿಗೆ ಚಕ್ಕನೆ ಅಂಟಿಕೊಂಡರೆ ಮಣ್ಣು ನೀರನ್ನು ಹೀರುತ್ತದೆ, ಒಸರುತ್ತದೆ. ಜಾರಿದರೆ ಅದರ ಸೂಕ್ಷ್ಮರಂಧ್ರಗಳು ಮುಚ್ಚಿಹೋಗಿವೆ. ಕುಂಡ ಕೊಳ್ಳಲು ಬಂದವರು ಮುಖ ಸಿಂಡರಿಸಿದರೆ ಬೈರಮ್ಮನ ಉತ್ತರ ಸಿದ್ಧ: "ಚೂಡಮ್ಮಾ, ಉಪ್ಪು ನೋಡ್ದೆ ಸಾರು ಬಡಿಸ್ತೀಯಾ?" 'ನೋಡು' ಎನ್ನುವ ಆ ತೆಲುಗು ಮಾತಿಲ್ಲದೆ ಅವರ ವಾಕ್ಯ ಹೊಸಿಲು ದಾಟುವುದು ಅಪರೂಪ.

ಮಾಲೂರಿನ ಹಂಚಿನ ಕಾರ್ಖಾನೆಯೊಂದರಲ್ಲಿ ಹದಿನೆಂಟು ವರ್ಷ ಹಸಿ ಹಂಚಿನ ಹಲಗೆ ಹೊತ್ತದ್ದರಿಂದ ಅವರ ಬಲ ಹೆಗಲು ಎಡದಕ್ಕಿಂತ ಎರಡು ಬೆರಳು ತಗ್ಗಿದೆ. ಬರಿಗೈಲಿ ನಡೆದರೂ ಕಾಣದ ಹಲಗೆಯೊಂದನ್ನು ಜೋಪಾನವಾಗಿ ಸಾಗಿಸುತ್ತಿರುವಂತೆ ತೋರುತ್ತದೆ. ಕಾರ್ಖಾನೆ ಮುಚ್ಚಿತು. ಅಲ್ಲಿ ಕೊಟ್ಟಿದ್ದ ಖಾಕಿ ಅಂಗಿ ಮಾತ್ರ ಇಂದಿಗೂ ಸೀರೆಯ ಮೇಲೆ ಇದೆ. ಯಾರಿಗೂ ಬೇಡವಾಗಿ ಬಿದ್ದಿದ್ದ ಒಡೆದ ಹಂಚಿನ ರಾಶಿಯನ್ನು ಪುಡಿಮಾಡಿ, ಕೆರೆಯ ಜೇಡಿಗೆ ಬೆರೆಸಿ, ಹಿತ್ತಲಿನ ಸಣ್ಣ ಗೂಡಿನಲ್ಲಿ ಸುಟ್ಟು ಬೈರಮ್ಮ ರೂಪಿಸಿದ್ದು ಮನೆಯೊಳಗೆ ಬೆಳೆಸುವ ಗಿಡಗಳ ಕುಂಡ. ಅದರ ನಡುವೆ, ಬೇರುಗಳ ಪಕ್ಕ, ಕತ್ತಿನವರೆಗೆ ಹೂತ ಒಂದು ಮುಚ್ಚಳದ ಕುಡಿಕೆ. ವಾರಕ್ಕೊಮ್ಮೆ ಅದನ್ನು ತುಂಬಿದರೆ ಸಾಕು, ಸುತ್ತಲಿನ ಮಣ್ಣು ಒಣಗಿದಷ್ಟೇ ನೀರನ್ನು ಕುಡಿಕೆ ಬಿಟ್ಟುಕೊಡುತ್ತದೆ. ಆ ಕುಡಿಕೆಯ ಆಕಾರವನ್ನು ಮೂರು ವರ್ಷಗಳಲ್ಲಿ ಹನ್ನೊಂದು ಸಲ ತಿದ್ದಿದ್ದಾರೆ. ಹೊಳಪು ಬಳಿಯಿರಿ ಎಂದು ಸಲಹೆ ಕೊಟ್ಟವರಿಗೆ, "ಹೊಳಪು ಬೇಕಂದ್ರೆ ಸ್ಟೀಲ್ ಚೊಂಬು ತಗೊಂಡೋಗು" ಎಂದಿದ್ದಾರೆ.

ವೇಮಗಲ್ ಕಡೆಯ ಕಾರ್ಖಾನೆಯೊಂದರ ಕಚೇರಿಗೆ ಅರವತ್ತು ಕುಂಡಗಳು ಹೋದವು. ಅವು ಒಪ್ಪಿಗೆಯಾದರೆ ಇನ್ನೂ ಮುನ್ನೂರು ಎಂಬ ಮಾತಾಗಿತ್ತು. ಆ ಮುನ್ನೂರನ್ನು ನಂಬಿ ಎರಡನೆಯ ಗೂಡಿಗೆ ಇಟ್ಟಿಗೆಯೂ ಬಂದಿತ್ತು. ನಾಲ್ಕು ತಿಂಗಳ ಮೇಲೆ, ಗಿಡಗಳು ಒಣಗುತ್ತಿವೆ ಎಂದು ಫೋನ್ ಬಂತು. ಬೈರಮ್ಮ ಹೋದಾಗ ಕಚೇರಿಯ ಉಸ್ತುವಾರಿ ಶ್ರೀಧರ್ ಎದುರು, ಕಸ ಗುಡಿಸಿ ಗಿಡ ನೋಡಿಕೊಳ್ಳುವ ದೊಡ್ಡಮುನಿಯಮ್ಮ ನಿಂತಿದ್ದಳು.

"ನಿಮ್ಮ ಕುಂಡದ್ದೇನೂ ತಪ್ಪಿಲ್ಲ ಬಿಡಿ," ಎಂದರು ಶ್ರೀಧರ್. "ಇವಳು ನೀರೇ ಹಾಕಿಲ್ಲ. ನಾಳೆಯಿಂದ ಬರಬೇಡ ಅಂದಿದೀನಿ. ನೀವು ಮುನ್ನೂರು ಕಳಿಸಿ."

"ಹಾಕಕ್ಕೆ ಹೋದ್ರೆ ಕುಡಿಕೆ ತುಂಬೇ ಇರ್ತದೆ ಸಾ, ಎಲ್ಲಿಗೆ ಹಾಕ್ಲಿ?" ಎಂದಳು ದೊಡ್ಡಮುನಿಯಮ್ಮ.

ಸುಮ್ಮನಿದ್ದರೆ ಮುನ್ನೂರು ಬೈರಮ್ಮನದೇ. ಅವರು ಬಗ್ಗಿ ಒಂದು ಕುಡಿಕೆಯನ್ನು ಕಿತ್ತು ತೆಗೆದರು. ಒಳಗೆ ನೀರು ತುಳುಕುತ್ತಿತ್ತು. ಹೊರಮೈ ಬಿಳಿ ಪೊರೆಗಟ್ಟಿ ಒಣಗಿತ್ತು. ಒರೆಸಿ, ನಾಲಿಗೆ ತಾಗಿಸಿದರು. ಜಾರಿತು.

"ಯಾವ ನೀರು ಹಾಕ್ತೀಯಮ್ಮ?"

"ಬೋರ್ ನೀರು ಕಣಕ್ಕ. ಇನ್ನೇನು ಹಾಲು ಹಾಕ್ಲಾ?"

ಬೋರ್ ನೀರಿನ ಆ ಬಿಳಿ ಪೊರೆಯನ್ನು ಕೊಡ, ಹಂಡೆಗಳ ಮೈಯಿಂದ ಆಯುಷ್ಯವಿಡೀ ಉಜ್ಜುತ್ತಲೇ ಬಂದ ಹೆಂಗಸು ಬೈರಮ್ಮ. ಆದರೆ ಮನೆಯಲ್ಲಿ ಪರೀಕ್ಷೆಗಿಟ್ಟ ಗಿಡಗಳಿಗೆ ಮಾತ್ರ, ಅಕ್ಕರೆಯಿಂದ, ಊರಿನ ಫಿಲ್ಟರ್ ಘಟಕದಿಂದ ಕ್ಯಾನಿನಲ್ಲಿ ಹೊತ್ತು ತಂದ ಕುಡಿಯುವ ನೀರನ್ನೇ ಹಾಕಿದ್ದರು.

"ಚೂಡಂಡಿ ಸಾರ್, ಆಯಮ್ಮ ನೀರು ಹಾಕಿದಾಳೆ. ನನ್ನ ಕುಡಿಕೆ ಬಿಟ್ಟಿಲ್ಲ. ತಪ್ಪು ನಂದು."

"ಹಂಗಂದ್ರೆ ಆರ್ಡರ್ ಕೊಡೋಕಾಗಲ್ಲಮ್ಮ."

"ಕೊಡ್ಬೇಡಿ. ಆಯಮ್ಮನ್ನ ಕೆಲಸದಿಂದ ತೆಗೀಬೇಡಿ."

ಅರವತ್ತು ಕುಡಿಕೆಗಳನ್ನು ಗೋಣಿಗೆ ತುಂಬಿಸಿಕೊಂಡು ಹೊರಟಾಗ ಗೇಟಿನವರೆಗೆ ಬಂದ ದೊಡ್ಡಮುನಿಯಮ್ಮ, "ನೆಕ್ಕಿದ್ರೆ ಹೋಗಲ್ಲಕ್ಕ ಅದು. ಹುಣಸೆಹುಳಿಲಿ ನೆನೆಹಾಕು. ನಮ್ಮನೆ ಹಂಡೆಗೆ ಅದೇ ಮದ್ದು" ಎಂದಳು. ಎರಡು ದಿನ ಹುಳಿನೀರಿನಲ್ಲಿ ನೆನೆದು, ತೊಳೆಸಿಕೊಂಡು, ಬಿಸಿಲಿಗೆ ಒಣಗಿದ ಕುಡಿಕೆ ನಾಲಿಗೆಗೆ ಮತ್ತೆ ಅಂಟಿತು. ಹನ್ನೆರಡನೆಯ ತಿದ್ದುಪಡಿ ಅಲ್ಲಿ ಹುಟ್ಟಿತು: ಬೇರಿಗೆ ಪೆಟ್ಟಾಗದಂತೆ ಮೇಲೆತ್ತಲು ಕುಡಿಕೆಯ ಕತ್ತಿಗೆ ಎರಡು ಕಿವಿ, ಮೂರು ತಿಂಗಳಿಗೊಮ್ಮೆ ಹುಳಿಸ್ನಾನ. ವೇಮಗಲ್‌ನ ಅರವತ್ತು ಕುಂಡಗಳಲ್ಲಿ ಬೈರಮ್ಮ ಕಿವಿಯ ಕುಡಿಕೆಗಳನ್ನು ಹೂತು ಬಂದ ಮೇಲೆ ಹೊಸದಾಗಿ ನೆಟ್ಟ ಗಿಡಗಳು ಚಿಗುರಿವೆ, ದೊಡ್ಡಮುನಿಯಮ್ಮನೇ ನೋಡಿಕೊಳ್ಳುತ್ತಾಳೆ. ಮುನ್ನೂರು ಮಾತ್ರ ಪ್ಲಾಸ್ಟಿಕ್ಕಿನವರ ಪಾಲಾಯಿತು. ಎರಡನೆಯ ಗೂಡಿನ ಇಟ್ಟಿಗೆಗಳು ಪರೀಕ್ಷೆಯ ಕುಂಡಗಳಿಗೆ ಜಗುಲಿಯಾಗಿವೆ.

ಈಗ ಅವರಿಗೆ ಇನ್ನೊಂದು ಹಟ. ಶ್ರೀನಿವಾಸಪುರದಿಂದ ಬರಲಿ, ಬೈರಕೂರಿನಿಂದ ಬರಲಿ, ಗಿರಾಕಿ ಮೊದಲು ತನ್ನ ಮನೆಯ ನೀರನ್ನು ಒಂದು ಬಾಟಲಿ ತರಬೇಕು. "ನಿಮ್ಮನೆ ನೀರು ನೋಡ್ದೆ ಕುಂಡ ಹೆಂಗೆ ಕೊಡ್ಲಿ?" ಎನ್ನುತ್ತಾರೆ, ಹೆಣ್ಣು ಕೊಡುವವರ ಗತ್ತಿನಲ್ಲಿ.

ತಾವು ಮಾಡಿದ್ದನ್ನು ಪ್ರೀತಿಸುವವರು ಅದನ್ನು ಒಳ್ಳೆಯ ನೀರಿನಲ್ಲಿ ಸಾಕುತ್ತಾರೆ. ಅದು ಬಾಳಬೇಕಾದದ್ದು ಕಂಡವರ ಮನೆಯ ಗಡಸು ನೀರಿನಲ್ಲಿ ಎಂಬುದು ಒಂದು ದಿನ ನಾಲಿಗೆಗೆ ತಾಗಿಯೇ ತಾಗುತ್ತದೆ. ಆಗ ಬಾಯಿ ಒರೆಸಿಕೊಂಡು ಸುಮ್ಮನಾಗುವವರೇ ಹೆಚ್ಚು. ರುಚಿ ಇಂಥದ್ದು ಎಂದು ಎಲ್ಲರೆದುರು ಹೇಳಿ, ಮನೆಗೆ ಬಂದು ಮತ್ತೆ ಮಣ್ಣು ಕಲಸಲು ಕೂರುವ ಕೆಲವರಿದ್ದಾರೆ. ನಾವು ಕೊಂಡು ತಂದ ಸಾಮಾನುಗಳಲ್ಲಿ ಒಂದೆರಡಾದರೂ ಬಾಳಿಕೆ ಬರುವುದು ಅಂಥವರ ದೆಸೆಯಿಂದ.